ಕಣ್ಣುಪಟ್ಟಿಯ ಕೆಳಗಿನ ಸಂದು

ಮಕ್ಕಳನ್ನು ‘ಮಿಡ್‌ಬ್ರೈನ್ ಆಕ್ಟಿವೇಶನ್’ ತರಗತಿಗೆ ಸೇರಿಸಿರುವ, ಸೇರಿಸಬೇಕೆಂದು ಯೋಚಿಸುತ್ತಿರುವ ತಂದೆತಾಯಂದಿರಿಗೆ,

ಕೆಲವು ದಿನಗಳ ಶಿಬಿರ, ಆಮೇಲೆ ಮನೆಯಲ್ಲಿ ಒಂದಷ್ಟು ಅಭ್ಯಾಸ, ಅಷ್ಟಾದರೆ ನಿಮ್ಮ ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಪುಸ್ತಕ ಓದುತ್ತದೆ, ಚೆಂಡಿನ ಬಣ್ಣ ಹೇಳುತ್ತದೆ, ಹತ್ತು ರೂಪಾಯಿ ನೋಟಿನ ನಂಬರನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ ಎಂದು ನಿಮಗೆ ಹೇಳಿದ್ದಾರೆ. ಹೇಳಿದ್ದಷ್ಟೇ ಅಲ್ಲ, ವೇದಿಕೆಯ ಮೇಲೆ ಮಾಡಿಸಿ ತೋರಿಸಿದ್ದಾರೆ. ಜಪಾನ್, ಮಲೇಷ್ಯಾಗಳ ಹೆಸರು ಹೇಳಿಕೊಂಡು ಬಂದ ಈ ವಿದ್ಯೆಗೆ ನೀವು ಸಾವಿರಗಟ್ಟಲೆ ಶುಲ್ಕ ಕಟ್ಟಿದ್ದೀರಿ. ನಿಮ್ಮನ್ನು ದಡ್ಡರೆಂದು ಕರೆಯಲು ಈ ಪತ್ರ ಬರೆಯುತ್ತಿಲ್ಲ. ಕಣ್ಣೆದುರೇ ನಡೆದದ್ದನ್ನು ನಂಬುವುದು ಮನುಷ್ಯನ ಸಹಜ ಗುಣ. ಅತೀಂದ್ರಿಯ ಶಕ್ತಿ ಎಂಬುದು ಈ ಜಗತ್ತಿನಲ್ಲಿ ಎಲ್ಲೂ ಇಲ್ಲ ಎಂದು ಸಾಧಿಸುವ ಉದ್ದೇಶವೂ ನನಗಿಲ್ಲ. ನನ್ನ ತಕರಾರು ಅದಕ್ಕಿಂತ ಸಣ್ಣದು, ಆದರೆ ನಿಮಗೆ ಹತ್ತಿರದ್ದು. ನಿಮ್ಮೆದುರು ನಡೆದದ್ದು ಪ್ರದರ್ಶನ. ಪರೀಕ್ಷೆ ಇನ್ನೂ ನಡೆದಿಲ್ಲ. ದೊಡ್ಡವರು ಪರೀಕ್ಷಿಸದೆ ನಂಬಿದಾಗ ಆ ನಂಬಿಕೆಯನ್ನು ಉಳಿಸಿಕೊಡುವ ಹೊಣೆ ಮಗುವಿನ ಹೆಗಲಿಗೆ ಬೀಳುತ್ತದೆ. ಆ ಮಗುವಿನ ಪರವಾಗಿ ಕೆಲವು ಮಾತು ಹೇಳಬೇಕಿದೆ.

ಮೊದಲು ಈ ‘ಮಿಡ್‌ಬ್ರೈನ್’ ವಿಷಯ ಮುಗಿಸೋಣ. ಅದು ಇರುವುದು ನಿಜ. ಮಿದುಳಿನ ಕಾಂಡದ ಮೇಲ್ತುದಿಯಲ್ಲಿ ಸುಮಾರು ಎರಡು ಸೆಂಟಿಮೀಟರ್ ಉದ್ದದ ಭಾಗ, ಕನ್ನಡದಲ್ಲಿ ನಡುಮಿದುಳು. ಕಣ್ಣುಗುಡ್ಡೆಯ ಚಲನೆ, ಸದ್ದು ಬಂದತ್ತ ತಲೆ ತಿರುಗಿಸುವುದು, ಎಚ್ಚರವಾಗಿರುವುದು ಇವೆಲ್ಲದರಲ್ಲಿ ಅದರ ಪಾಲಿದೆ. ಡಾಕ್ಟರು ಟಾರ್ಚ್ ಬಿಟ್ಟಾಗ ಕಣ್ಣಿನ ಪಾಪೆ ಕುಗ್ಗುತ್ತದಲ್ಲ, ಆ ಪ್ರತಿಕ್ರಿಯೆಯ ದಾರಿ ಹಾದುಹೋಗುವುದು ಅಲ್ಲಿಂದಲೇ. ಅಲ್ಲಿನ ಒಂದು ಬಗೆಯ ನರಕೋಶಗಳು ಸಾಯತೊಡಗಿದರೆ ಬರುವುದು ಪಾರ್ಕಿನ್ಸನ್ ಕಾಯಿಲೆ. ಹುಟ್ಟಿದ ಮಗುವಿನಲ್ಲೂ ಕೆಲಸ ಮಾಡುತ್ತಿರುವ ಈ ಭಾಗವನ್ನು ಹತ್ತು ವರ್ಷದ ಮಗುವಿನಲ್ಲಿ ಹೊಸದಾಗಿ ‘ಚಾಲೂ’ ಮಾಡಲು ಏನೂ ಬಾಕಿ ಉಳಿದಿಲ್ಲ. ಅದು ನಿದ್ದೆ ಹೋಗಿದ್ದರೆ ಮಗು ಶಿಬಿರಕ್ಕೆ ನಡೆದುಕೊಂಡು ಬರುತ್ತಿರಲಿಲ್ಲ. ಓದುವುದಕ್ಕೆ ಬೇಕಾದದ್ದು ಬೆಳಕು, ಆ ಬೆಳಕನ್ನು ಹಿಡಿಯುವ ಕೋಶಗಳು. ಒಂದು ಕಣ್ಣಿನ ಅಕ್ಷಿಪಟಲದಲ್ಲಿ ಅಂಥವು ಸುಮಾರು ಹನ್ನೆರಡು ಕೋಟಿ ಇವೆ. ಬೆಳಕು ಹಿಡಿದು ಅಕ್ಷರ ಗುರುತಿಸುವಂಥ ವ್ಯವಸ್ಥೆ ಬೆರಳ ತುದಿಯಲ್ಲೂ ಇಲ್ಲ, ಮೂಗಿನಲ್ಲೂ ಇಲ್ಲ, ಹಣೆಯ ನಡುವೆಯೂ ಇಲ್ಲ.

ಹಾಗಾದರೆ ವೇದಿಕೆಯ ಮೇಲೆ ಮಗು ಓದಿದ್ದು ಹೇಗೆ? ಕಣ್ಣಿನಿಂದಲೇ. ಕಣ್ಣಾಮುಚ್ಚಾಲೆ ಆಡಿದ ಎಲ್ಲರಿಗೂ ಇದು ಗೊತ್ತಿರಬೇಕಾದ ಸಂಗತಿ, ಆದರೆ ದೊಡ್ಡವರಾಗುತ್ತ ಮರೆತಿರುತ್ತೇವೆ. ಕಣ್ಣಿಗೆ ಎಂಥ ಬಟ್ಟೆ ಕಟ್ಟಿದರೂ ಮೂಗಿನ ಎರಡೂ ಪಕ್ಕ ಒಂದು ಸಣ್ಣ ಸಂದು ಉಳಿಯುತ್ತದೆ. ಮೂಗಿನ ದಿಬ್ಬ ಬಟ್ಟೆಯನ್ನು ಕೆನ್ನೆಗೆ ಅಂಟಿಕೊಳ್ಳಲು ಬಿಡುವುದಿಲ್ಲ. ಮಗುವಿನ ಮುಖ ಚಿಕ್ಕದು, ಪಟ್ಟಿ ದೊಡ್ಡದು, ಸಂದು ಇನ್ನೂ ಅಗಲ. ಹುಬ್ಬು ಗಂಟಿಕ್ಕಿ ಸಡಿಲ ಬಿಟ್ಟರೆ, ಕೆನ್ನೆ ಅಲುಗಿಸಿದರೆ ಅದು ಮತ್ತಷ್ಟು ತೆರೆದುಕೊಳ್ಳುತ್ತದೆ. ಕೆಳಗೆ ಎದೆಯ ಮಟ್ಟದಲ್ಲಿ ಹಿಡಿದ ಪುಸ್ತಕದ ಸಾಲೊಂದನ್ನು ಓದಲು ಅಷ್ಟು ಸಾಕು. ಜಾದೂಗಾರರಿಗೆ ಇದು ಹಳೆಯ ವಿದ್ಯೆ. ಕಲ್ಕತ್ತದ ಪಿ.ಸಿ. ಸೊರ್ಕಾರ್ ಕಣ್ಣು ಕಟ್ಟಿಕೊಂಡು ಜನಜಂಗುಳಿಯ ಬೀದಿಗಳಲ್ಲಿ ಸೈಕಲ್ ಓಡಿಸಿ ಜಗತ್ತಿನಲ್ಲೆಲ್ಲ ಹೆಸರು ಮಾಡಿದರು. ನಮ್ಮ ಊರುಗಳಲ್ಲೂ ಕಣ್ಣಿಗೆ ಬಟ್ಟೆ ಕಟ್ಟಿ ಬೈಕ್ ಓಡಿಸುವ ಜಾದೂಗಾರರಿದ್ದಾರೆ. ಅವರು ಅದನ್ನು ಜಾದೂ ಎಂದೇ ಕರೆದು ಟಿಕೆಟ್ ಮಾರುತ್ತಾರೆ, ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ರೋಸಾ ಕುಲೆಶೋವಾ ಎಂಬ ಯುವತಿ ಬೆರಳಿನಿಂದ ಓದುತ್ತಾಳೆ ಎಂದು ಪತ್ರಿಕೆಗಳು ಕೊಂಡಾಡಿದಾಗ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡನರ್ 1966ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಣ್ಣಿಗೆ ಕಟ್ಟುವ ಯಾವ ಪಟ್ಟಿಯೂ ನಂಬಲರ್ಹವಲ್ಲ, ನಿಜವಾಗಿ ಪರೀಕ್ಷಿಸಬೇಕಾದರೆ ಇಡೀ ತಲೆಯನ್ನೇ ಮುಚ್ಚಿ ಹೆಗಲ ಮೇಲೆ ಕೂರುವ ಪೆಟ್ಟಿಗೆ ಬೇಕು ಎಂದು ಅವರು ವಾದಿಸಿದರು. ಅರವತ್ತು ವರ್ಷ ಹತ್ತಿರವಾದರೂ ನಮ್ಮ ಶಿಬಿರಗಳು ಇನ್ನೂ ಪಟ್ಟಿಯಲ್ಲೇ ಇವೆ.

ನೀವೇ ಸ್ವಲ್ಪ ಗಮನವಿಟ್ಟು ನೋಡಿ. ಮಿದುಳೇ ನೇರವಾಗಿ ನೋಡುತ್ತಿದೆ ಎಂದಾದರೆ ಮಗು ಪುಸ್ತಕವನ್ನು ಮುಖದ ಮುಂದೆಯೇ ಏಕೆ ಹಿಡಿಯಬೇಕು? ಅಕ್ಷರಗಳು ತನ್ನ ಕಡೆಗೇ ಏಕೆ ತಿರುಗಿರಬೇಕು? ಕಾರ್ಡನ್ನು ಮೂಸುವ ನೆಪದಲ್ಲಿ ಮೂಗಿನ ಹತ್ತಿರ ತರುವುದೇಕೆ, ಗಲ್ಲ ಮೇಲೆತ್ತುವುದೇಕೆ? ಬೆನ್ನ ಹಿಂದೆ ಹಿಡಿದ ಕಾರ್ಡನ್ನು ಓದುವ ಮಗುವನ್ನು ವೇದಿಕೆಗೆ ಏಕೆ ತರುವುದಿಲ್ಲ? ಎಲ್ಲಕ್ಕಿಂತ ಮುಖ್ಯವಾಗಿ, ದೀಪ ಆರಿಸಿದ ಕೋಣೆಯಲ್ಲಿ ಈ ವಿದ್ಯೆ ಏಕೆ ಸತ್ತುಹೋಗುತ್ತದೆ? ಈ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಸರಳವಾಗಿ ಹೊಂದುತ್ತದೆ: ಮಗು ನೋಡುತ್ತಿದೆ. ಇನ್ನೊಂದು ಪ್ರಶ್ನೆಯನ್ನು ಶಿಬಿರದವರಿಗೇ ಕೇಳಬೇಕು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿಯ ತೊಂದರೆ ಇರುವವರು 50 ಲಕ್ಷಕ್ಕೂ ಹೆಚ್ಚು. ಕಣ್ಣಿನ ನೆರವಿಲ್ಲದೆ ಓದುವುದನ್ನು ಕೆಲವೇ ದಿನಗಳಲ್ಲಿ ಕಲಿಸಬಲ್ಲವರು ಮೊದಲು ಹೋಗಬೇಕಾದದ್ದು ಅಂಧ ಮಕ್ಕಳ ಶಾಲೆಗೆ. ಅವರು ಹೋಗುವುದು ಕಣ್ಣು ಚೆನ್ನಾಗಿರುವ ಮಕ್ಕಳ ಬಳಿಗೆ. ಬೇಕಾದಷ್ಟು ಬೆಳಕು, ಚೆನ್ನಾದ ಕಣ್ಣು, ಒಂದು ಸಂದು, ಈ ಮೂರೂ ಇದ್ದಲ್ಲಿ ಮಾತ್ರ ಕೆಲಸ ಮಾಡುವ ಶಕ್ತಿಗೆ ಆರನೆಯ ಇಂದ್ರಿಯ ಎಂದು ಹೆಸರಿಡುವ ಅಗತ್ಯವಿಲ್ಲ.

ಪರೀಕ್ಷೆಗೆ ಅವಕಾಶವೇ ಸಿಕ್ಕಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕೇರಳದ ತಿರುವಲ್ಲದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ 1963ರಲ್ಲಿ ಒಂದು ಲಕ್ಷ ಶ್ರೀಲಂಕಾ ರೂಪಾಯಿಯ ಸವಾಲು ಹಾಕಿದರು. ಅವರು ಕೊಟ್ಟ ಪವಾಡಗಳ ಪಟ್ಟಿಯಲ್ಲಿ ಯಾವುದಾದರೂ ಒಂದನ್ನು ಮೋಸಕ್ಕೆ ಆಸ್ಪದವಿಲ್ಲದಂತೆ ಮಾಡಿ ತೋರಿಸಿದರೆ ಸಾಕಿತ್ತು, ಹಣ ತೋರಿಸಿದವರದು. ಮುಚ್ಚಿ ಮೊಹರು ಮಾಡಿದ ನೋಟಿನ ನಂಬರು ಓದುವುದು ಅದರಲ್ಲಿ ಒಂದು. ನಿಮ್ಮ ಮಗುವಿನಿಂದ ಮಾಡಿಸಿ ತೋರಿಸಿದ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಲಕೋಟೆ ಮಾತ್ರ. ಕೋವೂರ್ 1978ರಲ್ಲಿ ತೀರಿಕೊಳ್ಳುವವರೆಗೂ ಆ ಹಣ ಯಾರ ಕೈಗೂ ಹೋಗಲಿಲ್ಲ. ಅಮೆರಿಕದ ಜಾದೂಗಾರ ಜೇಮ್ಸ್ ರ್‍ಯಾಂಡಿ 1964ರಲ್ಲಿ ಸಾವಿರ ಡಾಲರಿನಿಂದ ಆರಂಭಿಸಿದ ಇಂಥದೇ ಬಹುಮಾನ ಮುಂದೆ ಹತ್ತು ಲಕ್ಷ ಡಾಲರಿಗೆ ಏರಿ 2015ರಲ್ಲಿ ನಿಂತಿತು. ಅರ್ಜಿ ಹಾಕಿದವರು ಸಾವಿರಕ್ಕೂ ಹೆಚ್ಚು, ಪ್ರಾಥಮಿಕ ಹಂತ ದಾಟಿದವರು ಒಬ್ಬರೂ ಇಲ್ಲ. ನಮ್ಮಲ್ಲೇ ಮಂಗಳೂರಿನ ನರೇಂದ್ರ ನಾಯಕ್, ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನ ಕಲಿಸುತ್ತಿದ್ದವರು, ಈ ಮಿಡ್‌ಬ್ರೈನ್ ವ್ಯಾಪಾರದ ವಿರುದ್ಧ ಊರೂರು ಸುತ್ತಿ ಪ್ರಾತ್ಯಕ್ಷಿಕೆ ಕೊಟ್ಟಿದ್ದಾರೆ, ಸವಾಲನ್ನೂ ಹಾಕಿದ್ದಾರೆ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ, ಪತ್ರದ ತಿರುಳು ಅದೇ. ಅತೀಂದ್ರಿಯದ ಇತಿಹಾಸ ತೆರೆದರೆ ಮತ್ತೆ ಮತ್ತೆ ನಡುವೆ ನಿಂತಿರುವುದು ಮಗುವೇ. 1880ರ ದಶಕದ ಇಂಗ್ಲೆಂಡಿನಲ್ಲಿ ಕ್ರೀರಿ ಎಂಬ ಪಾದ್ರಿಯ ಹೆಣ್ಣುಮಕ್ಕಳು ಒಬ್ಬರ ಮನಸ್ಸಿನಲ್ಲಿದ್ದದ್ದನ್ನು ಇನ್ನೊಬ್ಬರು ಹೇಳುತ್ತಾರೆ ಎಂದು ಸುದ್ದಿಯಾಯಿತು. ಆಗಷ್ಟೇ ಹುಟ್ಟಿದ್ದ ಅತೀಂದ್ರಿಯ ಸಂಶೋಧನಾ ಸಂಘದ ವಿದ್ವಾಂಸರು ಅವರನ್ನು ಪರೀಕ್ಷಿಸಿ, ಪರಚಿತ್ತಜ್ಞಾನಕ್ಕೆ ಇದೇ ಸಾಕ್ಷಿ ಎಂದು ಬರೆದರು. ಕೆಲವು ವರ್ಷಗಳ ನಂತರ ಅದೇ ಸಂಘದವರ ಮುಂದೆ ಅಕ್ಕತಂಗಿಯರು ಸಿಕ್ಕಿಬಿದ್ದರು: ಇಸ್ಪೀಟು ಎಲೆಯ ಜಾತಿಯನ್ನು ಕಣ್ಣೋಟದ ಸನ್ನೆಯಿಂದ ಒಬ್ಬಳು ಇನ್ನೊಬ್ಬಳಿಗೆ ತಿಳಿಸುತ್ತಿದ್ದಳು. ಸಂಘ ಅದನ್ನು ಮುಚ್ಚಿಡದೆ ತನ್ನ ಪತ್ರಿಕೆಯಲ್ಲೇ ಪ್ರಕಟಿಸಿತು, ಅದನ್ನು ಮೆಚ್ಚಬೇಕು. 1917ರಲ್ಲಿ ಯಾರ್ಕ್‌ಶೈರಿನ ಕಾಟಿಂಗ್ಲಿ ಹಳ್ಳಿಯಲ್ಲಿ ಹದಿನಾರು ವರ್ಷದ ಎಲ್ಸಿ, ಒಂಬತ್ತು ವರ್ಷದ ಫ್ರಾನ್ಸಿಸ್ ತೊರೆಯ ಬಳಿ ಯಕ್ಷಿಣಿಯರ ಫೋಟೊ ತೆಗೆದರು. ರಟ್ಟಿನಲ್ಲಿ ಕತ್ತರಿಸಿದ ಚಿತ್ರಗಳನ್ನು ಟೋಪಿಪಿನ್ನಿನಿಂದ ಚುಚ್ಚಿ ನಿಲ್ಲಿಸಿದ್ದ ಮಕ್ಕಳಾಟ ಅದು. ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅದನ್ನು ನಂಬಿ ಲೇಖನ ಬರೆದರು, ಪುಸ್ತಕವನ್ನೇ ಬರೆದರು. ಅಂಥ ದೊಡ್ಡ ಮನುಷ್ಯ ನಂಬಿದ ಮೇಲೆ ಹುಡುಗಿಯರಿಗೆ ನಿಜ ಹೇಳುವ ದಾರಿಯೇ ಮುಚ್ಚಿಹೋಯಿತು. ಅವರು ಒಪ್ಪಿಕೊಂಡದ್ದು 1983ರಲ್ಲಿ, ಇಬ್ಬರೂ ಮುದುಕಿಯರಾದ ಮೇಲೆ. (ಆಗಲೂ ಫ್ರಾನ್ಸಿಸ್ ಐದು ಚಿತ್ರಗಳ ಪೈಕಿ ಕೊನೆಯದು ಮಾತ್ರ ನಿಜವೆಂದೇ ಹಟ ಹಿಡಿದಿದ್ದರು.) ಒಂದು ಮಧ್ಯಾಹ್ನದ ತಮಾಷೆಯನ್ನು ಅರವತ್ತಾರು ವರ್ಷ ಹೊತ್ತು ನಡೆದ ಇಬ್ಬರನ್ನು ನೆನೆದರೆ ನನಗೆ ನಗು ಬರುವುದಿಲ್ಲ.

ನಿಮ್ಮ ಶಿಬಿರಕ್ಕೆ ಅತಿ ಹತ್ತಿರದ ಪ್ರಕರಣ 1970ರ ದಶಕದ ಬ್ರಿಟನ್ನಿನದು. ಯೂರಿ ಗೆಲ್ಲರ್ ಟಿವಿಯಲ್ಲಿ ‘ಮನೋಬಲದಿಂದ’ ಚಮಚ ಬಗ್ಗಿಸಿದ್ದೇ ತಡ, ದೇಶದ ತುಂಬ ಚಮಚ ಬಗ್ಗಿಸುವ ಮಕ್ಕಳು ಹುಟ್ಟಿಕೊಂಡರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಣಿತಜ್ಞ ಜಾನ್ ಟೇಲರ್ ಆ ಮಕ್ಕಳನ್ನು ನಂಬಿದರು. ಯಾರೂ ನೋಡದಿದ್ದಾಗ ಮಾತ್ರ ಲೋಹ ಬಗ್ಗುತ್ತದೆ ಎಂಬುದನ್ನು ಗಮನಿಸಿದ ಅವರು, ಮೋಸದ ಶಂಕೆ ಪಡುವ ಬದಲು ಅದಕ್ಕೊಂದು ಹೆಸರಿಟ್ಟರು, ಸಂಕೋಚದ ಪರಿಣಾಮ ಎಂದು! ಆದರೆ ಬಾತ್ ವಿಶ್ವವಿದ್ಯಾಲಯದ ಪ್ಯಾಂಪ್ಲಿನ್ ಮತ್ತು ಕಾಲಿನ್ಸ್ ಒಂದು ಉಪಾಯ ಮಾಡಿದರು. ಕೋಣೆಯಲ್ಲಿ ಕೂತ ವೀಕ್ಷಕ ಬೇಕೆಂದೇ ಸ್ವಲ್ಪ ಅಲಕ್ಷ್ಯ ತೋರಬೇಕು, ಅದೇ ಹೊತ್ತಿಗೆ ಒಮ್ಮುಖ ಕನ್ನಡಿಯ ಹಿಂದಿನಿಂದ ಬೇರೆಯವರು ಮಕ್ಕಳನ್ನು ನೋಡುತ್ತಿರಬೇಕು. ಆರು ಮಕ್ಕಳ ಪೈಕಿ ಐವರು ಮೋಸ ಮಾಡುವುದು ಕಂಡಿತು. ಒಬ್ಬಳು ಸರಳನ್ನು ಕಾಲಡಿ ಇಟ್ಟು ಬಗ್ಗಿಸಿದಳು, ಕೆಲವರು ಎರಡೂ ಕೈ ಹಾಕಿದರು. 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಟೇಲರ್ ಕೂಡ ಕೆಲವು ವರ್ಷಗಳಲ್ಲೇ ತಮ್ಮ ಹಳೆಯ ನಿಲುವನ್ನು ಕೈಬಿಟ್ಟು ಪುಸ್ತಕವನ್ನೇ ಬರೆದರು. ಗಮನಿಸಿ, ಆ ಮಕ್ಕಳೇನೂ ಕಿಡಿಗೇಡಿಗಳಲ್ಲ. ಸುತ್ತ ಕೂತ ದೊಡ್ಡವರು ಏನನ್ನು ಬಯಸುತ್ತಿದ್ದಾರೆಂದು ಅರ್ಥಮಾಡಿಕೊಂಡು ಅದನ್ನು ಕೊಟ್ಟ ಸಾಮಾನ್ಯ ಮಕ್ಕಳು.

ನಮ್ಮ ನೆಲದಲ್ಲೂ ಇಂಥದೊಂದು ನಡೆದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿ ಮಾಡಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಎಂಬ ಮಾತನ್ನು ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿಯೂ ಅದೇ ವರ್ಷದ್ದು. ಪವಾಡಗಳನ್ನು ಪರೀಕ್ಷೆಗೆ ಒಡ್ಡಿ ಎಂದು ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ನರಸಿಂಹಯ್ಯನವರು ಬರೆದ ಪತ್ರಗಳು ಎಲ್ಲರಿಗೂ ನೆನಪಿವೆ. ಆ ಪರೀಕ್ಷೆ ನಡೆಯಲೇ ಇಲ್ಲ. ಅಷ್ಟು ನೆನಪಿಲ್ಲದ್ದು ಪಾಂಡವಪುರದ ಪ್ರಕರಣ. ಅಲ್ಲೊಬ್ಬ ಪುಟ್ಟ ಬಾಲಕನ ಕೈಯಿಂದ ವಿಭೂತಿ ಉದುರುತ್ತದೆಂದು ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿ ಹುಡುಗನ ಉಡುಪಿನೊಳಗೇ ಅಡಗಿತ್ತು. ಆ ವಯಸ್ಸಿನ ಮಗು ಅಂಥ ಏರ್ಪಾಟನ್ನು ತಾನೇ ಯೋಚಿಸಿ ಮಾಡಿಕೊಳ್ಳುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಗುವನ್ನೇ ಏಕೆ ಮುಂದೆ ಮಾಡುತ್ತಾರೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನಲವತ್ತು ವರ್ಷದ ಗಂಡಸು ಕಣ್ಣು ಕಟ್ಟಿಕೊಂಡು ನೋಟಿನ ನಂಬರು ಹೇಳಿದರೆ ನೀವು ಪಟ್ಟಿಯನ್ನು ಬಿಚ್ಚಿ ನೋಡುತ್ತೀರಿ. ಎಂಟು ವರ್ಷದ ಹುಡುಗಿ ಹೇಳಿದರೆ ಚಪ್ಪಾಳೆ ತಟ್ಟುತ್ತೀರಿ. ಮಗುವಿನ ಮುಗ್ಧತೆಯೇ ಇಲ್ಲಿ ಪ್ರಮಾಣಪತ್ರ.

‘ನಮ್ಮ ಮಗು ಸುಳ್ಳು ಹೇಳುವುದಿಲ್ಲ’ ಎಂದು ನೀವು ಹೇಳಬಹುದು. ಒಪ್ಪುತ್ತೇನೆ, ಬಹುಪಾಲು ಮಕ್ಕಳಿಗೆ ಅದು ಸುಳ್ಳೆಂದೇ ಅನ್ನಿಸಿರುವುದಿಲ್ಲ. ‘ನಿನಗೆ ಕಾಣುತ್ತದೆ, ಕಂಡಾಗ ಹೇಳು’ ಎಂದು ಗುರುಗಳು ಹೇಳಿದ್ದಾರೆ. ಸಂದಿಯಲ್ಲಿ ಕಂಡಿತು, ಹೇಳಿತು. ಎಲ್ಲರಿಗೂ ಖುಷಿಯಾಯಿತು. ಹೇಗೆ ಕಂಡಿತೆಂದು ಯಾರೂ ಕೇಳಲಿಲ್ಲ. ಇದು ಆಟದ ನಿಯಮವೋ ಮೋಸವೋ ಎಂದು ಬಿಡಿಸಿ ನೋಡುವ ವಯಸ್ಸು ಅದಲ್ಲ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಮಗು. ಪಟ್ಟಿ ಕಟ್ಟಿದರೆ ಕಣ್ಣು ಮುಚ್ಚಿಕೊಳ್ಳಬೇಕು ಎಂದು ಕಲಿತ, ಹೇಳಿದ ಹಾಗೇ ಕಣ್ಣು ಮುಚ್ಚಿಕೊಂಡು ಕೂತ ಮಗು. ಅದಕ್ಕೆ ಏನೂ ಕಾಣುವುದಿಲ್ಲ, ‘ಕಾಣಿಸ್ತಿಲ್ಲ ಮಿಸ್’ ಅನ್ನುತ್ತದೆ. ಅದರ ನಡುಮಿದುಳು ಇನ್ನೂ ತೆರೆದಿಲ್ಲ, ಏಕಾಗ್ರತೆ ಸಾಲದು, ಮನೆಯಲ್ಲಿ ಅಭ್ಯಾಸ ಮಾಡಿಸುತ್ತಿಲ್ಲ, ಮುಂದಿನ ಹಂತದ ಕೋರ್ಸಿಗೆ ಸೇರಿಸಿ ಎಂಬ ಮಾತು ಅದರ ಅಪ್ಪ ಅಮ್ಮನ ಕಿವಿಗೆ ಬೀಳುತ್ತದೆ. ಹೀಗೆ ಇಡೀ ತರಗತಿಯಲ್ಲಿ ನಾಪಾಸಾಗುವುದು ನಿಜ ಹೇಳಿದ ಮಗು. ಪಕ್ಕದ ಹುಡುಗ ಹೇಗೆ ಓದುತ್ತಿದ್ದಾನೆ ಎಂಬುದು ಅದಕ್ಕೆ ಗೊತ್ತಾದ ದಿನ ಅದು ನಿಜ, ಮೆಚ್ಚುಗೆ ಈ ಎರಡರಲ್ಲಿ ಒಂದನ್ನು ಆರಿಸಬೇಕು. ಅಂಕಪಟ್ಟಿಯಲ್ಲಿ ಎಲ್ಲೂ ದಾಖಲಾಗದ ಈ ಪಾಠಕ್ಕೆ ನೀವು ಶುಲ್ಕ ಕಟ್ಟಿದ್ದೀರಿ.

ನಿಮ್ಮಲ್ಲಿ ಓದಿಕೊಂಡವರು ಇನ್ನೊಂದು ಆಕ್ಷೇಪ ಎತ್ತುತ್ತೀರಿ: ವಿದೇಶದ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನಿಗಳೇ ಅತೀಂದ್ರಿಯ ಶಕ್ತಿಯನ್ನು ಒಪ್ಪಿದ್ದಾರಲ್ಲ, ಅಮೆರಿಕದ ಗುಪ್ತಚರರೇ ಬಳಸಿದ್ದಾರಲ್ಲ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಜೆ.ಬಿ. ರೈನ್ 1930ರ ದಶಕದಲ್ಲಿ ಐದು ಬಗೆಯ ಚಿಹ್ನೆಗಳ 25 ಕಾರ್ಡುಗಳನ್ನಿಟ್ಟುಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಬರೀ ಊಹೆಯಿಂದ ಸರಾಸರಿ ಐದು ಸರಿಯಾಗುತ್ತದೆ, ತಮ್ಮ ಪ್ರಯೋಗಕ್ಕೆ ಬಂದ ಕೆಲವರಿಗೆ ಅದಕ್ಕಿಂತ ಹೆಚ್ಚು ಬಂತು ಎಂದರು. ಆದರೆ ಬೇರೆಡೆ ಬಿಗಿಯಾಗಿ ಮಾಡಿದಾಗ ಆ ಹೆಚ್ಚುವರಿ ನಿಲ್ಲಲಿಲ್ಲ. ಇಂಗ್ಲೆಂಡಿನ ಸೋಲ್ ಎಂಬ ಗಣಿತಜ್ಞರ ಪ್ರಸಿದ್ಧ ಪ್ರಯೋಗಗಳು ದಶಕಗಳ ಕಾಲ ಈ ಪಕ್ಷದ ಬಲವಾದ ಸಾಕ್ಷ್ಯವಾಗಿದ್ದವು. 1978ರಲ್ಲಿ ಬೆಟಿ ಮಾರ್ಕ್‌ವಿಕ್ ಆ ಅಂಕಿಗಳನ್ನು ಜಾಲಾಡಿ, ಫಲಿತಾಂಶವನ್ನು ತಿದ್ದಲಾಗಿತ್ತು ಎಂದು ತೋರಿಸಿದರು. ಅವರೂ ಅತೀಂದ್ರಿಯ ಸಂಶೋಧನಾ ಸಂಘದವರೇ. ಅಮೆರಿಕ ಸರ್ಕಾರ ದೂರದಲ್ಲಿರುವುದನ್ನು ಮನಸ್ಸಿನಿಂದಲೇ ಕಾಣುತ್ತೇವೆನ್ನುವ ‘ದೂರದರ್ಶಿ’ಗಳ ಮೇಲೆ ಎರಡು ದಶಕಗಳಲ್ಲಿ ಸುಮಾರು ಎರಡು ಕೋಟಿ ಡಾಲರ್ ಖರ್ಚು ಮಾಡಿ 1995ರಲ್ಲಿ ಕೈಬಿಟ್ಟಿತು. ಅದನ್ನು ವಿಮರ್ಶಿಸಿದ ಇಬ್ಬರಲ್ಲಿ ಜೆಸಿಕಾ ಅಟ್ಸ್ ಅಂಕಿಅಂಶದಲ್ಲಿ ಏನೋ ಇದೆ ಎಂದರು, ರೇ ಹೈಮನ್ ಇಲ್ಲ ಎಂದರು. ಆದರೆ ಗುಪ್ತಚರ ಕೆಲಸಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ ಎಂಬುದು ಆ ವಿಮರ್ಶೆಯ ತೀರ್ಮಾನ. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡ್ಯಾರಿಲ್ ಬೆಮ್ ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಒಂಬತ್ತು ಪ್ರಯೋಗಗಳ ವರದಿ ಪ್ರತಿಷ್ಠಿತ ಮನೋವಿಜ್ಞಾನ ಪತ್ರಿಕೆಯಲ್ಲಿ ಬಂತು. ಮುಂದೆ ಆಗುವುದನ್ನು ಜನ ಮೊದಲೇ ಗ್ರಹಿಸುತ್ತಾರೆ ಎಂಬುದು ಅದರ ವಾದ. ಬೇರೆ ತಂಡಗಳು ಅವನ್ನು ಮರಳಿ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಮನೋವಿಜ್ಞಾನಿಗಳು ತಮ್ಮ ಪ್ರಯೋಗ ವಿಧಾನಗಳನ್ನೇ ಅನುಮಾನದಿಂದ ನೋಡಿಕೊಳ್ಳಲು ಅದೂ ಒಂದು ಕಾರಣವಾಯಿತು.

ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. ಬೆಮ್ ಅವರ ಅತಿ ಪ್ರಸಿದ್ಧ ಪ್ರಯೋಗದಲ್ಲಿ ಎರಡು ಪರದೆಗಳ ಪೈಕಿ ಚಿತ್ರ ಯಾವುದರ ಹಿಂದೆ ಬರಲಿದೆ ಎಂದು ಊಹಿಸಬೇಕಿತ್ತು. ಸುಮ್ಮನೆ ಊಹಿಸಿದರೆ ನೂರಕ್ಕೆ 50. ಅವರಿಗೆ ಒಂದು ಬಗೆಯ ಚಿತ್ರಗಳಲ್ಲಿ ಸಿಕ್ಕಿದ್ದು 53.1. ಅತೀಂದ್ರಿಯದ ಪರವಾಗಿ ಈಚಿನ ಕಾಲದಲ್ಲಿ ಅತಿ ಹೆಚ್ಚು ಸದ್ದು ಮಾಡಿದ ವೈಜ್ಞಾನಿಕ ವಾದ ಹೇಳಿಕೊಂಡದ್ದು ಈ ಮೂರು ಅಂಕ ಮಾತ್ರ, ಅದೂ ನಿಲ್ಲಲಿಲ್ಲ. ನಿಮ್ಮ ಬಡಾವಣೆಯ ಶಿಬಿರ ಕೆಲವೇ ದಿನಗಳ ತರಬೇತಿಯಲ್ಲಿ ನೂರಕ್ಕೆ ನೂರು ಕೊಡುತ್ತಿದೆ! ಅದು ನಿಜವಾಗಿದ್ದರೆ ಅಂಕಿಅಂಶಗಳ ಜಗಳವೇ ಬೇಕಿರಲಿಲ್ಲ, ಒಂದು ಮಗು ಒಂದು ಪ್ರಯೋಗಾಲಯಕ್ಕೆ ಹೋಗಿ ಹತ್ತು ನಿಮಿಷ ಕೂತು ಎದ್ದು ಬಂದಿದ್ದರೆ ಶರೀರವಿಜ್ಞಾನದ ಪುಸ್ತಕಗಳನ್ನು ಹೊಸದಾಗಿ ಅಚ್ಚು ಹಾಕಬೇಕಾಗುತ್ತಿತ್ತು. ಹಾಗಾಗಿ ವಿದೇಶದ ವಿಜ್ಞಾನಿಗಳ ಹೆಸರು ಈ ಶಿಬಿರದ ನೆರವಿಗೆ ಬರುವುದಿಲ್ಲ. ಅವರಲ್ಲಿ ಅತಿ ಹೆಚ್ಚು ನಂಬಿದವರೂ ಹೇಳಿಕೊಳ್ಳದಷ್ಟನ್ನು ಇವರು ಹೇಳಿಕೊಳ್ಳುತ್ತಿದ್ದಾರೆ.

ಇನ್ನು ಪರಂಪರೆಯ ಮಾತು. ನಮ್ಮ ಯೋಗಿಗಳಿಗೆ ಸಿದ್ಧಿಗಳಿರಲಿಲ್ಲವೇ ಎನ್ನುತ್ತೀರಿ. ಪತಂಜಲಿಯ ಯೋಗಸೂತ್ರದ ಒಂದು ಪಾದದಲ್ಲಿ ಸಿದ್ಧಿಗಳ ಪ್ರಸ್ತಾಪ ಇದೆ, ಅದೇ ಪಾದದಲ್ಲಿ ಅವು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಇದೆ. ನಮ್ಮ ಅಲ್ಲಮನ ಕಥೆಯಲ್ಲಿ ವಜ್ರಕಾಯದ ಗೋರಕ್ಷ ಕತ್ತಿಯಿಂದ ಹೊಡೆಸಿಕೊಂಡು ಠಣ್ಣೆಂದು ಸದ್ದು ಮಾಡಿ ಬೀಗುತ್ತಾನೆ. ಅದೇ ಕತ್ತಿ ಅಲ್ಲಮನ ಮೈಯಲ್ಲಿ ಗಾಳಿಯಲ್ಲಿ ಬೀಸಿದಂತೆ ಹಾದುಹೋಗುತ್ತದೆ, ಗೋರಕ್ಷನ ಗರ್ವ ಇಳಿಯುತ್ತದೆ. ಅದನ್ನು ನಡೆದ ಘಟನೆಯೆಂದು ಓದಬೇಕಿಲ್ಲ. ಆದರೆ ದೇಹದ ಚಮತ್ಕಾರ ತೋರಿಸಿ ದೊಡ್ಡವರಾಗುವ ಆಸೆಯ ಬಗ್ಗೆ ಕನ್ನಡದ ಪರಂಪರೆ ಏನು ಯೋಚಿಸಿತ್ತು ಎಂಬುದು ಅದರಲ್ಲಿ ಇದೆ. ಸಿದ್ಧಿಯನ್ನು ಕಂತಿನ ಮೇಲೆ, ರಸೀದಿ ಕೊಟ್ಟು ಮಾರುವ ಪರಂಪರೆ ನಮ್ಮದಾಗಿರಲಿಲ್ಲ.

‘ಓದುವುದು ಬಿಡಿ, ಮಗುವಿನ ಏಕಾಗ್ರತೆಯಂತೂ ಹೆಚ್ಚಿದೆ’ ಎಂಬ ಸಮಾಧಾನವೂ ಇದೆ. ಇರಬಹುದು. ಟಿವಿ ಆರಿಸಿ, ದಿನಕ್ಕೆ ಅರ್ಧ ಗಂಟೆ ತಂದೆಯೋ ತಾಯಿಯೋ ಪಕ್ಕ ಕೂತರೆ ಯಾವ ಮಗುವಿನ ಏಕಾಗ್ರತೆಯೂ ಹೆಚ್ಚುತ್ತದೆ, ಅದಕ್ಕೆ ಪಟ್ಟಿ ಬೇಡ. ನಂಬದವರು ಎದುರಿಗಿದ್ದರೆ ‘ನೆಗೆಟಿವ್ ಎನರ್ಜಿ’ಯಿಂದ ಶಕ್ತಿ ಓಡಿಹೋಗುತ್ತದೆ ಎಂಬ ಮಾತಿಗೆ ಬಾತ್ ವಿಶ್ವವಿದ್ಯಾಲಯದ ಕನ್ನಡಿ ಆಗಲೇ ಉತ್ತರ ಕೊಟ್ಟಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಮನೆಯಲ್ಲೇ ಪರೀಕ್ಷಿಸಿ, ನಿಮ್ಮ ಪಾಡಿಗೆ ನೀವೇ. ಮಗುವಿಗೆ ಪಟ್ಟಿ ಕಟ್ಟಿ, ಗಲ್ಲದ ಕೆಳಗೆ ಒಂದು ಮೊರವನ್ನೋ ಅಗಲವಾದ ರಟ್ಟನ್ನೋ ಅಡ್ಡ ಹಿಡಿಯಿರಿ, ಅದರ ಕೆಳಗೆ ಪುಸ್ತಕ ಇಡಿ. ಇಲ್ಲವೇ ಕಾರ್ಡನ್ನು ಮಗುವಿನ ತಲೆಯ ಹಿಂದೆ ಹಿಡಿಯಿರಿ. ಕಾರ್ಡಿನಲ್ಲಿ ಏನಿದೆಯೆಂದು ಹಿಡಿದವರಿಗೂ ಗೊತ್ತಿರಬಾರದು, ಇದು ಮುಖ್ಯ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತಿತ್ತು. ಮಾಲೀಕ ಮೋಸಗಾರನಾಗಿರಲಿಲ್ಲ. ಉತ್ತರ ಬರುತ್ತಿದ್ದಂತೆ ಕೇಳಿದವರ ತಲೆ ತಮಗರಿವಿಲ್ಲದೆ ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು ಎಂದು ಆಸ್ಕರ್ ಫಂಗ್ಸ್ಟ್ 1907ರಲ್ಲಿ ಕಂಡುಹಿಡಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಾಗ ಕುದುರೆಯ ಗಣಿತ ನಿಂತುಹೋಯಿತು. ಮಕ್ಕಳು ನಮ್ಮ ಮುಖ ಓದುವುದರಲ್ಲಿ ಕುದುರೆಗಿಂತ ಜಾಣರು. ಒಂದೆರಡು ಸಲ ಸರಿ ಬಂದರೆ ಕುಣಿಯಬೇಡಿ, ನಾಲ್ಕು ಬಣ್ಣಗಳಲ್ಲಿ ಒಂದನ್ನು ಹೇಳುವಾಗ ಊಹೆಯಿಂದಲೇ ನಾಲ್ಕಕ್ಕೆ ಒಂದು ಸರಿಯಾಗುತ್ತದೆ. ಇಪ್ಪತ್ತು ಸಲ ಮಾಡಿ, ತಪ್ಪನ್ನೂ ಬರೆದಿಡಿ.

ಮಗುವಿಗೆ ಓದಲಾಗದಿದ್ದರೆ, ಆಗುವುದಿಲ್ಲ ಎಂಬುದೇ ನನ್ನ ನಿರೀಕ್ಷೆ, ದಯವಿಟ್ಟು ಅದನ್ನು ಗದರಬೇಡಿ, ‘ಇಷ್ಟು ದಿನ ನಮಗೆ ಮೋಸ ಮಾಡಿದೆಯಾ’ ಎಂದು ಕೇಳಬೇಡಿ. ಪಟ್ಟಿ ಬಿಚ್ಚಿ ನೀವೇ ಕಟ್ಟಿಕೊಳ್ಳಿ, ಮೂಗಿನ ಪಕ್ಕದ ಸಂದಿಯಲ್ಲಿ ನೋಡಿ, ‘ನನಗೂ ಕಾಣಿಸ್ತಿದೆ’ ಎಂದು ನಗುತ್ತ ಹೇಳಿ. ಶುಲ್ಕ ವಾಪಸು ಕೇಳುವ ಜಗಳವನ್ನು ಶಿಬಿರದವರ ಜತೆ ಆಡಿ, ಮಗುವನ್ನು ಅದಕ್ಕೆ ಸಾಕ್ಷಿಯಾಗಿ ಕರೆದೊಯ್ಯಬೇಡಿ.